ಜನವರಿ 26ರ ಪುಟ

ನಾನು ಪಾಠ ಮಾಡುವ ಪ್ರೌಢಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಒಂದು ಕ್ರಮವಿದೆ. ನಾಡಗೀತೆ, ಸುಭಾಷಿತ, ವಾರ್ತೆಗಳು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಮುಂದೆ ಬಂದು 'ಇಂದಿನ ದಿನ ವಿಶೇಷ' ಓದುತ್ತಾನೆ. ಓದುವುದಕ್ಕೆ ಏನಾದರೂ ಇರಬೇಕಲ್ಲ ಎಂದು, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೊಂಡು, ದಿನಕ್ಕೊಂದು ಪುಟದಂತೆ 366 ಪುಟಗಳಿಗೆ ತಾರೀಖು ಹಾಕಿ, ಓದಿದಲ್ಲಿ ಸಿಕ್ಕಿದ್ದನ್ನೆಲ್ಲ ಬರೆಯುತ್ತ ಬಂದೆ. ಕೆಲವು ಪುಟಗಳಲ್ಲಿ ಇವತ್ತಿಗೂ ಎರಡು ಸಾಲು ದಾಟಿಲ್ಲ. ಜನವರಿ 26ರ ಪುಟ ಮಾತ್ರ ಎಂದೋ ತುಂಬಿಹೋಗಿ, ಅಂಚಿನಲ್ಲಿ ಅಡ್ಡಡ್ಡಲಾಗಿ ಬರೆದು, ಅದೂ ಸಾಲದೆ ಚೀಟಿಗಳನ್ನು ಅಂಟಿಸಿ, ಈಗ ಆ ಹಾಳೆ ಉಳಿದ ಹಾಳೆಗಳಿಗಿಂತ ಎರಡು ಪಟ್ಟು ದಪ್ಪವಾಗಿದೆ. ಅಂಟು ಒಣಗಿ ಒಂದೊಂದೇ ಚೀಟಿ ಕಳಚಿಕೊಳ್ಳುತ್ತಿರುವುದರಿಂದ, ಅದರಲ್ಲಿ ಇರುವುದನ್ನು ಈ ಸಲ ಕ್ರಮವಾಗಿ ಬರೆದಿಡಬೇಕು ಎನ್ನಿಸಿತು.

ಬರೆಯುವ ಮುನ್ನ ಒಂದು ಮಾತು ಹೇಳಬೇಕು. ಒಂದೇ ತಾರೀಖಿನಲ್ಲಿ ಸೇರಿಕೊಂಡ ಸಂಗತಿಗಳೆಲ್ಲ ಒಂದೇ ಬಗೆಯವಲ್ಲ. ಕೆಲವನ್ನು ಆ ದಿನವೇ ಆಗಲೆಂದು ಜನರು ಆರಿಸಿಕೊಂಡಿರುತ್ತಾರೆ. ಕೆಲವು ಯಾರ ಇಚ್ಛೆಯನ್ನೂ ಕೇಳದೆ ಆ ದಿನ ಬಂದೆರಗುತ್ತವೆ. ಈ ಎರಡನ್ನೂ ಬೆರೆಸಿ, ಎಲ್ಲದರಲ್ಲೂ ದೈವಸಂಕಲ್ಪವನ್ನು ಕಾಣುವ ಭಾಷಣಗಳನ್ನು ಧ್ವಜಾರೋಹಣದ ಸಭೆಗಳಲ್ಲಿ ನಾನು ಬಹಳ ಕೇಳಿದ್ದೇನೆ. ಯಾವುದು ಆರಿಸಿಕೊಂಡದ್ದು, ಯಾವುದು ಒದಗಿ ಬಂದದ್ದು ಎಂಬುದನ್ನು ಬಿಡಿಸಿ ಹೇಳಿದರೆ ಮಕ್ಕಳಿಗೆ ಇತಿಹಾಸ ಇನ್ನೂ ಹತ್ತಿರವಾಗುತ್ತದೆ ಎಂಬುದು ನನ್ನ ಅನುಭವ.

ಆರಿಸಿಕೊಂಡದ್ದರಿಂದಲೇ ಆರಂಭಿಸುತ್ತೇನೆ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ನಿರ್ಣಯ ಮಾಡಿತು. ಡಿಸೆಂಬರ್ 31ರ ನಡುರಾತ್ರಿ, ರಾವಿ ನದಿಯ ದಡದಲ್ಲಿ, ಅಧ್ಯಕ್ಷರಾಗಿದ್ದ ಜವಾಹರಲಾಲ್ ನೆಹರೂ ತ್ರಿವರ್ಣ ಧ್ವಜವನ್ನು ಹಾರಿಸಿದರು. ಈ ನಿರ್ಣಯವನ್ನು ದೇಶದ ಊರೂರಿಗೆ ಮುಟ್ಟಿಸಲು ಒಂದು ದಿನ ಬೇಕಾಗಿತ್ತು. ಹೊಸ ವರ್ಷದ ಆರಂಭದಲ್ಲಿ ಸೇರಿದ ಕಾರ್ಯಸಮಿತಿಯು ಜನವರಿಯ ಕೊನೆಯ ಭಾನುವಾರವನ್ನು ಗೊತ್ತುಮಾಡಿತು. ಆ ವರ್ಷ ಜನವರಿಯ ಕೊನೆಯ ಭಾನುವಾರ 26ನೆಯ ತಾರೀಖಿಗೆ ಬಿದ್ದಿತ್ತು. ನಮ್ಮ ಗಣರಾಜ್ಯದ ತಾರೀಖಿನ ಬೇರು ಹುಡುಕುತ್ತ ಹೋದರೆ ಸಿಗುವುದು ಇಷ್ಟೇ: ಕಚೇರಿ, ಕಾರ್ಖಾನೆ, ಶಾಲೆಗಳಿಗೆ ಬಿಡುವಿದ್ದು ಜನ ಬಂದು ಸೇರಬಹುದಾದ ಒಂದು ವಾರದ ದಿನ. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖದಲ್ಲಿ ಮೊದಲು ಸ್ವಲ್ಪ ನಿರಾಸೆ ಕಾಣುತ್ತದೆ, ಏಕೆಂದರೆ ಅವರು ಯಾವುದೋ ಮಹಾ ಮುಹೂರ್ತವನ್ನು ನಿರೀಕ್ಷಿಸಿರುತ್ತಾರೆ. ನನಗಾದರೋ ಇದಕ್ಕಿಂತ ಒಳ್ಳೆಯ ಮುಹೂರ್ತ ತೋರುವುದಿಲ್ಲ. ದುಡಿಯುವವನಿಗೆ ಬಿಡುವಾಗುವ ದಿನ ಯಾವುದೆಂದು ನೋಡಿ ದಿನ ಗೊತ್ತುಮಾಡಿದ್ದು ಪ್ರಜಾಪ್ರಭುತ್ವಕ್ಕೆ ತಕ್ಕ ನಡೆ.

ಆ ಭಾನುವಾರ ಊರೂರುಗಳಲ್ಲಿ ಜನ ಸೇರಿ, ತಮ್ಮ ತಮ್ಮ ಭಾಷೆಗಳಿಗೆ ಅನುವಾದವಾದ ಪ್ರತಿಜ್ಞೆಯನ್ನು ಓದಿಸಿಕೊಂಡು ಕೈಯೆತ್ತಿ ಒಪ್ಪಿಗೆ ಸೂಚಿಸಿದರು. ಇದಾಗಿ ಮೂರು ತಿಂಗಳು ತುಂಬುವ ಮೊದಲೇ, 1930ರ ಏಪ್ರಿಲ್ 13ರಂದು, ನಮ್ಮ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅಲ್ಲಿಂದ ಮುಂದೆ ಹದಿನೇಳು ವರ್ಷ ಕಾಲ ಜನವರಿ 26 ಸ್ವಾತಂತ್ರ್ಯ ದಿನವೆಂದೇ ನಡೆದುಬಂತು. ನಿಜವಾದ ಸ್ವಾತಂತ್ರ್ಯ ಬಂದಾಗ ಮೌಂಟ್‌ಬ್ಯಾಟನ್ ಆರಿಸಿದ್ದು ಆಗಸ್ಟ್ 15ನ್ನು, ಜಪಾನ್ ಶರಣಾದ ದಿನದ ಎರಡನೆಯ ವರ್ಷ ಅದು ಎಂಬ ಕಾರಣಕ್ಕೆ. ಜೈಲಿನಲ್ಲಿ, ಲಾಠಿಯ ಕೆಳಗೆ ಅಷ್ಟು ವರ್ಷ ಆಚರಿಸಿಕೊಂಡು ಬಂದ ದಿನ ಬರಿದಾಗಿ ಉಳಿಯಿತು.

ಹೀಗೆ ಉಳಿದ ದಿನಕ್ಕೆ ಸಂವಿಧಾನ ಸಭೆ ಮತ್ತೆ ಗೌರವ ತಂದುಕೊಟ್ಟಿತು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವ, ಚುನಾವಣೆ ಮೊದಲಾದ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು. ಉಳಿದ ಇಡೀ ಸಂವಿಧಾನ ಎರಡು ತಿಂಗಳು ಕಾದು 1950ರ ಜನವರಿ 26ರಂದು, ಗುರುವಾರ, ಜಾರಿಗೆ ಬಂತು. ಅಂದು ಬೆಳಿಗ್ಗೆ 10.18ಕ್ಕೆ ದೆಹಲಿಯ ದರ್ಬಾರ್ ಹಾಲಿನಲ್ಲಿ ರಾಜಾಜಿಯವರು ಗಣರಾಜ್ಯದ ಘೋಷಣೆಯನ್ನು ಓದಿದರು, ಅದರ ಬೆನ್ನಿಗೇ ಬಾಬು ರಾಜೇಂದ್ರ ಪ್ರಸಾದರು ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅತಿಥಿಯಾಗಿ ಬಂದಿದ್ದವರು ಇಂಡೋನೇಷ್ಯಾದ ಅಧ್ಯಕ್ಷ ಸುಕರ್ನೊ. ಪೆರೇಡು ನಡೆದದ್ದು ಇರ್ವಿನ್ ಕ್ರೀಡಾಂಗಣದಲ್ಲಿ. ಕರಡಿನ ಹಂತದಿಂದ ಸಂವಿಧಾನಕ್ಕೆ ದುಡಿದ ಸಲಹೆಗಾರ ಬೆನಗಲ್ ನರಸಿಂಗ ರಾಯರು ಮಂಗಳೂರಿನವರು ಎಂಬುದನ್ನು ಈ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ, ಏಕೆಂದರೆ ಮಕ್ಕಳಿಗಿರಲಿ, ಸಹೋದ್ಯೋಗಿಗಳಿಗೂ ಈ ಹೆಸರು ಥಟ್ಟನೆ ನೆನಪಾಗುವುದಿಲ್ಲ.

ಆ ಗುರುವಾರ ಕನ್ನಡಿಗರು ಎಲ್ಲಿದ್ದರು ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಮೈಸೂರಿನವನು 'ಬಿ' ವರ್ಗದ, ಅಂದರೆ ಹಿಂದೆ ಅರಸರ ಸಂಸ್ಥಾನವಾಗಿದ್ದ, ರಾಜ್ಯದಲ್ಲಿದ್ದ. ಹಿಂದಿನ ನವೆಂಬರ್ 25ರಂದು ಸಂವಿಧಾನವನ್ನು ಒಪ್ಪಿ ಘೋಷಣೆ ಹೊರಡಿಸಿದ್ದ ಜಯಚಾಮರಾಜ ಒಡೆಯರ್ ಅಂದಿನಿಂದ ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರಂತೆ ರಾಜ್ಯದ ಮುಖ್ಯಸ್ಥರಾದರು, ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿ. ರಾಯಚೂರು, ಕಲಬುರಗಿ, ಬೀದರಿನವನಿಗೆ ರಾಜಪ್ರಮುಖ ಹೈದರಾಬಾದಿನ ನಿಜಾಮ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರಿಗೆ ಸರ್ಕಾರ ಮುಂಬಯಿಯಲ್ಲಿ. ಮಂಗಳೂರು, ಬಳ್ಳಾರಿಯವರಿಗೆ ಮದ್ರಾಸಿನಲ್ಲಿ. ಕೊಡಗು 'ಸಿ' ವರ್ಗದ ಪುಟ್ಟ ರಾಜ್ಯವಾಗಿ ಮುಖ್ಯ ಆಯುಕ್ತರ ಕೈಕೆಳಗಿತ್ತು. ಒಂದೇ ಬೆಳಗು, ಒಂದೇ ಸಂವಿಧಾನ, ಆದರೆ ಕನ್ನಡ ಮಾತನಾಡುವವನ ಅರ್ಜಿ ಹೋಗಬೇಕಾಗಿದ್ದದ್ದು ಐದು ದಿಕ್ಕಿಗೆ. ಇವೆಲ್ಲ ಒಂದಾಗಲು ಇನ್ನೂ ಆರು ವರ್ಷಕ್ಕೂ ಹೆಚ್ಚು ಕಾಲ, 1956ರ ನವೆಂಬರ್ 1ರ ತನಕ, ಕಾಯಬೇಕಾಯಿತು. ಪ್ರತಿ ವರ್ಷವೂ ಹತ್ತನೆಯ ತರಗತಿಯ ಮಕ್ಕಳಿಗೆ ಕರ್ನಾಟಕದ ಖಾಲಿ ನಕ್ಷೆ ಕೊಟ್ಟು, ಆ ಐದು ಆಡಳಿತಗಳಿಗೆ ಐದು ಬಣ್ಣ ತುಂಬಿಸುತ್ತೇನೆ. ಬಣ್ಣ ತುಂಬಿದ ಮೇಲೆ ನಕ್ಷೆಯನ್ನು ದಿಟ್ಟಿಸಿ ನೋಡುವ ಮಕ್ಕಳ ಮೌನ ನನಗೆ ತುಂಬ ಬೆಲೆಯುಳ್ಳದ್ದು.

ಇನ್ನು ಈ ಪುಟದಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು: 1831, ನಂದಗಡ, ಸಂಗೊಳ್ಳಿ ರಾಯಣ್ಣ. 'ಸ್ವಾತಂತ್ರ್ಯ ದಿನದಂದು ಹುಟ್ಟಿ ಗಣರಾಜ್ಯ ದಿನದಂದು ಮಡಿದ ವೀರ' ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಆಗಸ್ಟ್ 15 ಅವನ ಹುಟ್ಟಿದ ದಿನವೆಂದು ನಾಡು ಆಚರಿಸುತ್ತದೆ; ಜನವರಿ 26 ಅವನನ್ನು ಗಲ್ಲಿಗೇರಿಸಿದ ದಿನ. ಈ ಎರಡು ತಾರೀಖುಗಳು ಹೀಗೆ ಕೂಡಿಬಂದಿರುವುದು ರೋಮಾಂಚನ ತರುವ ಸಂಗತಿಯೇ ಸರಿ. ಆದರೆ ಸಂವಿಧಾನ ಸಭೆ ಜನವರಿ 26ನ್ನು ಆರಿಸಿದ್ದು ರಾಯಣ್ಣನಿಗಾಗಿ ಎಂದು ಕೆಲವರು ವೇದಿಕೆಯ ಮೇಲೆ ಹೇಳಿಬಿಡುತ್ತಾರೆ. ಅದು ನಿಜವಲ್ಲ. ರಾಯಣ್ಣನ ದೊಡ್ಡತನಕ್ಕೆ ಅಂಥ ಊರೆಗೋಲು ಬೇಕಾಗಿಯೂ ಇಲ್ಲ.

ಅವನು ಅರಸು ಮನೆತನದವನಲ್ಲ. ಊರ ಕಾವಲಿನ ಕೆಲಸಕ್ಕೆ ಪ್ರತಿಯಾಗಿ ಇನಾಮು ಭೂಮಿ ಉಣ್ಣುತ್ತಿದ್ದ ಶೇತಸನದಿ. 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಪ್ರಾಣ ಬಿಟ್ಟಾಗ ಚೆನ್ನಮ್ಮನ ಕಡೆ ನಿಂತು ಕಾದಿದವರಲ್ಲಿ ಅವನೂ ಒಬ್ಬ. ಡಿಸೆಂಬರಿನಲ್ಲಿ ಕೋಟೆ ಬಿದ್ದು, ರಾಣಿ ಬೈಲಹೊಂಗಲದಲ್ಲಿ ಸೆರೆಯಾಗಿ, ಅಲ್ಲಿಯೇ 1829ರಲ್ಲಿ ತೀರಿಕೊಂಡಳು. ಇತ್ತ ಕಂಪನಿ ಸರ್ಕಾರ ರಾಯಣ್ಣನ ಹೊಲದ ಒಂದು ಪಾಲನ್ನು ಮುಟ್ಟುಗೋಲು ಹಾಕಿಕೊಂಡು, ಉಳಿದ ಪಾಲಿಗೆ ಕಂದಾಯ ಏರಿಸಿತು. ಚೆನ್ನಮ್ಮನ ದತ್ತುಪುತ್ರ ಶಿವಲಿಂಗಪ್ಪನನ್ನು ಪಟ್ಟಕ್ಕೆ ಕೂರಿಸಬೇಕೆಂದು ಅವನು ಕಟ್ಟಿದ ಪಡೆಯಲ್ಲಿದ್ದವರು ಇಂಥದೇ ನೋವುಂಡ ರೈತರು, ವಾಲೀಕಾರರು. ಕಾಡು ಅವರ ಕೋಟೆ, ಇರುಳು ಅವರ ಹೊತ್ತು, ಸರ್ಕಾರಿ ಕಚೇರಿ ಮತ್ತು ಖಜಾನೆಗಳು ಅವರ ಗುರಿ. ಯುದ್ಧದಲ್ಲಿ ಹಿಡಿಯಲಾಗದವನನ್ನು 1830ರ ಏಪ್ರಿಲಿನಲ್ಲಿ, ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ, ನಂಬಿದವರೇ ಹಿಡಿದುಕೊಟ್ಟರು.

ಕೆಲವು ವರ್ಷಗಳ ಹಿಂದೆ ಖಾನಾಪುರದ ಕಡೆ ಮದುವೆಗೆ ಹೋಗಿದ್ದವನು ನಂದಗಡಕ್ಕೂ ಹೋಗಿಬಂದೆ. ಸಮಾಧಿಯ ಮೇಲೆ ಅವನ ಗೆಳೆಯನೊಬ್ಬ ನೆಟ್ಟದ್ದೆಂದು ಜನ ಹೇಳುವ ಆಲದ ಮರ ಅಲ್ಲಿದೆ. ಅದರ ಬಿಳಲುಗಳಿಗೆ ಗೇಣುದ್ದದ ಮರದ ತೊಟ್ಟಿಲುಗಳನ್ನು ಕಟ್ಟಿದ್ದರು. ಹೊಸವು ಹಸಿರು, ಹಳದಿ, ಕೆಂಪು ಬಣ್ಣದಿಂದ ಹೊಳೆಯುತ್ತಿದ್ದವು. ಹಳೆಯವು ಮಳೆಗೆ ಬಣ್ಣ ತೊಳೆದುಹೋಗಿ, ಬಿಸಿಲಿಗೆ ಸೀಳು ಬಿಟ್ಟು, ಬಿಳಲಿನ ಬಣ್ಣಕ್ಕೇ ತಿರುಗಿದ್ದವು. ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದವು ಅವು. ರಾಯಣ್ಣನಂಥ ಮಗ ಹುಟ್ಟಲೆಂಬ ಹಾರೈಕೆ. ನಾನು ನಿಂತಿದ್ದಾಗಲೇ ನಡುವಯಸ್ಸಿನ ತಾಯಿಯೊಬ್ಬರು ಮಗಳ ಕೈಯಿಂದ ದಾರದ ಗಂಟು ಹಾಕಿಸಿ, ತೊಟ್ಟಿಲನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ತೂಗಿ, ಗಾಳಿಗೆ ಬಿಟ್ಟುಹೋದರು. ಗಲ್ಲಿನ ನೆಲವನ್ನು ತೊಟ್ಟಿಲಿನ ನೆಲವಾಗಿ ಮಾಡಿಕೊಂಡ ಜನರಿಗೆ ಯಾವ ಸರ್ಕಾರದ ಆದೇಶವೂ ಬೇಕಾಗಿರಲಿಲ್ಲ.

ಅಲ್ಲಿಂದ ಹಿಂದಿರುಗುವಾಗ ನನ್ನ ಮನಸ್ಸಿಗೆ ಬಂದದ್ದು ತಾರೀಖುಗಳ ವಿಷಯವೇ. ನಮ್ಮ ಹಿರಿಯರು ಹುಟ್ಟಿದ್ದನ್ನು ನಕ್ಷತ್ರದಿಂದ, ಸತ್ತದ್ದನ್ನು ತಿಥಿಯಿಂದ ನೆನಪಿಡುತ್ತಿದ್ದರು. 'ಬರ ಬಿದ್ದ ವರ್ಷ, ಕಾರಹುಣ್ಣಿಮೆ ಆಗಿ ಮೂರು ದಿನಕ್ಕೆ ಹುಟ್ಟಿದವ' ಎಂದರೆ ಮನೆಯವರಿಗೆ ಸಾಕಾಗುತ್ತಿತ್ತು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ತಾವೇ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಸಿಬ್ಬಂದಿಯಲ್ಲಿಯೇ ದಾಖಲೆಯ ಪ್ರಕಾರ ಆ ದಿನ ಹುಟ್ಟಿದ ಮೂವರಿದ್ದಾರೆ. ನನ್ನ ತಂದೆಯವರ ಶ್ರಾದ್ಧ ಇವತ್ತಿಗೂ ತಿಥಿಯ ಪ್ರಕಾರ ನಡೆಯುವುದರಿಂದ ಅದು ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ. 'ಒಂದೇ ದಿನ' ಎಂಬುದು ಕೂಡ ನಾವು ಒಪ್ಪಿಕೊಂಡ ಕ್ಯಾಲೆಂಡರು ಮಾಡಿಕೊಟ್ಟ ಒಂದು ಕಟ್ಟು ಮಾತ್ರ. ಬಡವನ ಹುಟ್ಟು ಜನರ ಬಾಯಲ್ಲಿ ಉಳಿಯುತ್ತದೆ, ಗಲ್ಲಿಗೇರಿಸಿದ ದಿನ ಮಾತ್ರ ಗಲ್ಲಿಗೇರಿಸಿದವರ ಕಡತದಲ್ಲಿ ಉಳಿಯುತ್ತದೆ.

ಪುಟದ ಎಡ ಅಂಚಿನಲ್ಲಿ ಹೊರದೇಶದ ಕೆಲವು ಸಾಲುಗಳಿವೆ. 1788ರಲ್ಲಿ ಇದೇ ದಿನ ಆರ್ಥರ್ ಫಿಲಿಪ್ ಹನ್ನೊಂದು ಹಡಗುಗಳ ತಂಡದೊಂದಿಗೆ ಸಿಡ್ನಿಯ ಕೊಲ್ಲಿಯಲ್ಲಿ ಬ್ರಿಟಿಷ್ ಧ್ವಜ ನೆಟ್ಟ. ಆಸ್ಟ್ರೇಲಿಯಾ ಅದನ್ನು ರಾಷ್ಟ್ರೀಯ ದಿನವೆಂದು ಆಚರಿಸುತ್ತದೆ. ಅಲ್ಲಿನ ಮೂಲನಿವಾಸಿಗಳು 1938ರಲ್ಲಿ ಅದೇ ದಿನ ಸಿಡ್ನಿಯಲ್ಲಿ ಸಭೆ ಸೇರಿ ಶೋಕದ ದಿನವೆಂದು ಸಾರಿದರು. ಮೆಲ್ಬರ್ನಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂದು ಬೆಳಿಗ್ಗೆ ನಮ್ಮ ಧ್ವಜಕ್ಕೆ ವಂದಿಸಿ, ಆಮೇಲೆ ತನ್ನ ಮಕ್ಕಳಿಗೆ ಆ ನೆಲದ ಮೊದಲ ಜನರ ಕಥೆ ಹೇಳುತ್ತಾಳಂತೆ. 1926ರಲ್ಲಿ ಇದೇ ದಿನ ಲಂಡನ್ನಿನಲ್ಲಿ ಜಾನ್ ಲೋಗಿ ಬೇರ್ಡ್ ವಿದ್ವಾಂಸರ ಮುಂದೆ ಟೆಲಿವಿಷನ್ ಮಾಡಿ ತೋರಿಸಿದ. ದೆಹಲಿಯ ಪೆರೇಡನ್ನು ನಾವೆಲ್ಲ ನೋಡುವುದು ಆ ಯಂತ್ರದ ಸಂತತಿಯಲ್ಲಿಯೇ.

1823ರ ಸಾಲು ನನಗೆ ಹೆಚ್ಚು ಪ್ರಿಯ. ಅಂದು ತೀರಿಕೊಂಡವನು ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್. ಅವನ ಪ್ರಯೋಗ ನಡೆದದ್ದು 1796ರಲ್ಲಿ. ಆರೇ ವರ್ಷದಲ್ಲಿ ಲಸಿಕೆ ಮುಂಬಯಿ ಮುಟ್ಟಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ, ಮೈಸೂರಿನ ಮೂವರು ರಾಣಿಯರದೆಂದು ಹೇಳುವ ವರ್ಣಚಿತ್ರವೊಂದಿದೆ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನರಿಗೆ ತೋರಿಸಲೆಂದೇ ಎಂದು ವಿದ್ವಾಂಸರು ವಿವರಿಸುತ್ತಾರೆ. ಅರಮನೆಯ ಹೆಣ್ಣುಮಗಳು ತೋಳು ತೋರಿಸಿ ನಿಲ್ಲುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. 'ದೇವಿ ಹಾಕಿಸುವುದು' ಎಂದು ನಮ್ಮಜ್ಜಿ ಹೇಳುತ್ತಿದ್ದ ಮಾತು, ಅವರ ತೋಳಿನ ಮೇಲೆ ನಾಣ್ಯದಷ್ಟಗಲ ಇದ್ದ ಗುಳಿಬಿದ್ದ ಕಲೆ, ಈ ಸಾಲು ಓದುವಾಗಲೆಲ್ಲ ನನಗೆ ನೆನಪಾಗುತ್ತವೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಿತು. ನನ್ನ ವಿದ್ಯಾರ್ಥಿಗಳ ತೋಳಿನಲ್ಲಿ ಆ ಕಲೆ ಇಲ್ಲ.

ಬಲ ಅಂಚಿನಲ್ಲಿರುವ ಎರಡು ಚೀಟಿಗಳನ್ನು ನಾನು ಬೇಕೆಂದೇ ಅಕ್ಕಪಕ್ಕ ಅಂಟಿಸಿದ್ದೇನೆ. ಒಂದರಲ್ಲಿ 1915ರ ಜನವರಿ 26: ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ಜನನ. ಇನ್ನೊಂದರಲ್ಲಿ 2015ರ ಜನವರಿ 26: ಪುಣೆಯಲ್ಲಿ ಆರ್. ಕೆ. ಲಕ್ಷ್ಮಣ್ ಅವರ ನಿಧನ. ನಡುವೆ ಸರಿಯಾಗಿ ನೂರು ವರ್ಷ. ಲಕ್ಷ್ಮಣ್ ಹುಟ್ಟಿದ್ದು, ಓದಿದ್ದು ಮೈಸೂರಿನಲ್ಲಿ. ನರಸಿಂಹಸ್ವಾಮಿಯವರ ಹೆಸರಿನೊಂದಿಗೆ ಮೈಸೂರು ಎಂಬ ಮಾತು ಬಿಡಿಸಲಾಗದಂತೆ ಬೆಸೆದುಕೊಂಡಿದೆ. 1942ರಲ್ಲಿ, ದೇಶವೆಲ್ಲ 'ಭಾರತ ಬಿಟ್ಟು ತೊಲಗಿ' ಎನ್ನುತ್ತಿದ್ದ ವರ್ಷ, 'ಮೈಸೂರು ಮಲ್ಲಿಗೆ' ಪ್ರಕಟವಾಯಿತು. ಅದೇ ವರ್ಷ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ಯುವಕ ಲಕ್ಷ್ಮಣ್ ಆರಂಭದ ದಿನಗಳಲ್ಲಿ ಚಿತ್ರ ಬರೆದದ್ದು ಆ ಪತ್ರಿಕೆಗೆ.

ಇಬ್ಬರೂ ತಮ್ಮ ಕಾಲದ ದೊಡ್ಡ ಗದ್ದಲದ ನಡುವೆ ಸಾಮಾನ್ಯನ ಮನೆಬಾಗಿಲಲ್ಲಿ ನಿಂತವರು. ನರಸಿಂಹಸ್ವಾಮಿಯವರು ಗುಮಾಸ್ತೆಗಿರಿ ಮಾಡುತ್ತ, ಗಂಡಹೆಂಡಿರ ಹುಸಿಮುನಿಸು, ತವರಿನ ದಾರಿ, ಬಳೆಗಾರ ಚೆನ್ನಯ್ಯನ ಬರವು ಇವುಗಳನ್ನು ಕಾವ್ಯವಾಗಿಸಿದರು. ಮದುವೆಯ ಮನೆಗಳಲ್ಲಿ ಹೊಸ ದಂಪತಿಗೆ ಆ ಪುಸ್ತಕವನ್ನು ಉಡುಗೊರೆಯಾಗಿ ಕೊಡುವ ರೂಢಿ ನಮ್ಮ ಕಡೆ ಬಹಳ ಕಾಲ ಇತ್ತು; ನಮ್ಮ ಮದುವೆಗೆ ಬಂದ ಪ್ರತಿಯ ಮೊದಲ ಹಾಳೆಯಲ್ಲಿ ಸೋದರಮಾವನವರ ದುಂಡನೆಯ ಅಕ್ಷರ ಈಗಲೂ ಇದೆ. ಲಕ್ಷ್ಮಣ್ ಅವರು ಚೌಕುಳಿ ಕೋಟು, ಧೋತ್ರ, ದುಂಡು ಕನ್ನಡಕದ ಒಬ್ಬ ಮನುಷ್ಯನನ್ನು ದಶಕಗಳ ಕಾಲ ಪತ್ರಿಕೆಯ ಮುಖಪುಟದ ಮೂಲೆಯಲ್ಲಿ ನಿಲ್ಲಿಸಿದರು. ಮಂತ್ರಿಗಳು, ಅಧಿಕಾರಿಗಳು ಮಾತನಾಡುತ್ತಲೇ ಇರುತ್ತಿದ್ದರು; ಅವನು ಒಂದು ದಿನವೂ ಬಾಯಿ ತೆರೆಯಲಿಲ್ಲ. ಲಕ್ಷ್ಮಣ್ ತೀರಿಕೊಂಡ ದಿನ ದೆಹಲಿಯಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಗಣರಾಜ್ಯೋತ್ಸವದ ಅತಿಥಿಯಾಗಿ ಕುಳಿತಿದ್ದರು. ಮರುದಿನ ನಾನು ಪತ್ರಿಕೆ ಬಿಡಿಸಿದಾಗ ಪೆರೇಡಿನ ವೈಭವದ ಚಿತ್ರದ ಹತ್ತಿರವೇ ಆ ಸುದ್ದಿಯಿತ್ತು. ಸಾಮಾನ್ಯನನ್ನು ಕಾಪಾಡುವೆನೆಂದು ಮಾತುಕೊಟ್ಟ ಸಂವಿಧಾನದ ದಿನ, ಆ ಸಾಮಾನ್ಯನನ್ನು ಬರೆದ ಕೈ ನಿಂತುಹೋಗಿತ್ತು. ಇದು ಒದಗಿ ಬಂದದ್ದೇ ಹೊರತು ಯಾರೂ ಆರಿಸಿದ್ದಲ್ಲ ಎಂದು ಗೊತ್ತಿದ್ದೂ, ಕತ್ತರಿಸಿದ ಚೂರನ್ನು ಅಂಟಿಸುವಾಗ ನನಗೆ ಕಣ್ಣು ತುಂಬಿ ಬಂತು.

ಪುಟದ ಕೊನೆಯಲ್ಲಿರುವುದು 2001. ಆ ಶುಕ್ರವಾರ ನಮ್ಮ ಶಾಲೆಯಲ್ಲಿ ಧ್ವಜಾರೋಹಣ ಮುಗಿದು, ಮಕ್ಕಳಿಗೆ ಬೂಂದಿ ಲಾಡು ಹಂಚುತ್ತಿದ್ದೆವು. ಅದೇ ಹೊತ್ತಿಗೆ, ಬೆಳಿಗ್ಗೆ 8.46ಕ್ಕೆ, ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿತು. ಭಚಾವು, ಭುಜ್, ಅಂಜಾರ್, ರಾಪರ್ ನೆಲಸಮವಾದವು. ಸರ್ಕಾರದ ಲೆಕ್ಕದಲ್ಲಿಯೇ ಸತ್ತವರು 13,800ಕ್ಕೂ ಹೆಚ್ಚು. ಅಂಜಾರಿನಲ್ಲಿ ಶಾಲೆಗಳ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆ ಹೊರಟು, ಹಳೆಯ ಊರಿನ ಇಕ್ಕಟ್ಟು ಗಲ್ಲಿಯೊಳಗೆ ಸಾಗುತ್ತಿದ್ದರು. ಎರಡೂ ಬದಿಯ ಕಲ್ಲುಕಟ್ಟಡಗಳು ಅವರ ಮೇಲೆ ಕುಸಿದವು. 185 ಮಕ್ಕಳು, 20 ಶಿಕ್ಷಕರು. ಊರ ಹೊರಗೆ ಅವರ ನೆನಪಿಗಾಗಿ ಕಟ್ಟಿದ ಸ್ಮಾರಕ 2022ರಲ್ಲಿ ತೆರೆಯಿತು. ಆರಿಸಿಕೊಂಡ ದಿನ ಮತ್ತು ಒದಗಿ ಬಂದ ದಿನ ಎಂದು ನಾನು ಮೇಲೆ ಮಾಡಿದ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ. ಭೂಕಂಪಕ್ಕೆ ತಾರೀಖು ಗೊತ್ತಿರಲಿಲ್ಲ, ನಿಜ; ಆದರೆ ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ಆ ಮಕ್ಕಳು ಆ ಗಲ್ಲಿಯಲ್ಲಿ ಇರುತ್ತಿರಲಿಲ್ಲ.

ನಮ್ಮ ಊರಿನ ಪ್ರಭಾತಫೇರಿ ಮೊದಲಿನಿಂದಲೂ ಕೋಟೆ ಬೀದಿಯಲ್ಲಿಯೇ ಹೋಗುತ್ತಿತ್ತು. ಎರಡು ಗಾಡಿ ಎದುರಾದರೆ ನಿಲ್ಲಬೇಕಾದ ಬೀದಿ. ಎರಡೂ ಬದಿಗೆ ಮಾಳಿಗೆ ಮನೆಗಳು, ಜಗಲಿಯ ಮೇಲೆ ನಿಂತು ಮಕ್ಕಳಿಗೆ ಕೈಬೀಸುವ ಅಜ್ಜಿಯರು. 2002ರಿಂದ ನಾನು ಅದನ್ನು ಕೆರೆ ಏರಿಯ ಅಗಲ ದಾರಿಗೆ ತಿರುಗಿಸಿದ್ದೇನೆ. ಸುತ್ತು ಹೆಚ್ಚಾಗುತ್ತದೆ, ಬಿಸಿಲೂ ಬೀಳುತ್ತದೆ. ಕೋಟೆ ಬೀದಿಯ ಹಿರಿಯರು 'ನಮ್ಮ ಬೀದಿಗೆ ಯಾಕೆ ಬರೋದಿಲ್ಲ ಮೇಷ್ಟ್ರೇ' ಎಂದು ಇವತ್ತಿಗೂ ಕೇಳುತ್ತಾರೆ. ಧ್ವಜ ಹಿಡಿದ ಹುಡುಗಿ ಏರಿಯ ನಡುವಿನ ತೂಬಿನ ಹತ್ತಿರ ಬರುವಾಗ ಹೆಚ್ಚುಕಡಿಮೆ ಒಂಬತ್ತಕ್ಕೆ ಕಾಲು ಗಂಟೆ ಇರುತ್ತದೆ. ಅಲ್ಲಿ ಸಾಲನ್ನು ನಿಲ್ಲಿಸಿ, ಘೋಷಣೆಗಳನ್ನು ಬಿಡಿಸಿ, ಎರಡು ನಿಮಿಷ ಸುಮ್ಮನೆ ನಿಲ್ಲುತ್ತೇವೆ. ಆಮೇಲೆ ಮುಂದಕ್ಕೆ ಹೊರಡುತ್ತೇವೆ.